ಹೊಗೆ, ತೂಕ, ಕೈಮಸಿ: ಬಯೋಚಾರ್ ಮತ್ತು ಆಕ್ಟಿವೇಟೆಡ್ ಕಾರ್ಬನ್ ಕೆಟ್ಟರೆ ದೋಷ ಹುಡುಕುವ ದಾರಿ

ತೋಟದ ಒಣ ಕಸವನ್ನು ಕಡಿಮೆ ಗಾಳಿಯಲ್ಲಿ ಸುಟ್ಟು, ಮಣ್ಣಿಗೆ ಹಾಕಲು ಮಾಡುವ ಇದ್ದಿಲೇ ಬಯೋಚಾರ್. ಇದ್ದಿಲಿಗೆ ಕಣ್ಣಿಗೆ ಕಾಣದ ರಂಧ್ರ ಕೊರೆದು, ನೀರಿನ ಬಣ್ಣ, ವಾಸನೆ ಹೀರುವಂತೆ ಮಾಡಿದ್ದು ಆಕ್ಟಿವೇಟೆಡ್ ಕಾರ್ಬನ್. ಇದ್ದಿಲು ಮಾಡುವ ಡ್ರಮ್ಮಿನಿಂದ ಹೊಗೆ ನಿಲ್ಲದೆ ಬರುತ್ತಿದ್ದರೆ ಹೆಚ್ಚಿನವರು ಮೊದಲು ಡ್ರಮ್ಮಿಗೇ ಕೈ ಹಾಕುತ್ತಾರೆ. ತಳಕ್ಕೆ ಇನ್ನೂ ಹತ್ತು ತೂತು ಹೊಡೆಸುತ್ತಾರೆ, ಚಿಮಣಿ ಉದ್ದ ಮಾಡಿಸುತ್ತಾರೆ, ವೆಲ್ಡಿಂಗ್ ಶಾಪಿಗೆ ಎರಡು ಸಲ ಓಡಾಡುತ್ತಾರೆ. ದೋಷ ಮಾತ್ರ ಡ್ರಮ್ಮಿಗೆ ತುಂಬಿದ ಕಸದಲ್ಲೇ ಉಳಿದಿರುತ್ತದೆ. ಮಣ್ಣಿಗೆ ಹಾಕಿದ ಮೇಲೆ ಗಿಡ ಹಳದಿಯಾದರೂ ಅಷ್ಟೆ, ಫಿಲ್ಟರಿಗೆ ಹಾಕಿದ ಇಂಗಾಲ ಬಣ್ಣ ಹೀರದಿದ್ದರೂ ಅಷ್ಟೆ. ತಪ್ಪು ಕಣ್ಣಿಗೆ ಬೀಳುವ ಜಾಗ ಒಂದು, ಹುಟ್ಟಿದ ಜಾಗ ಅದಕ್ಕಿಂತ ಒಂದೆರಡು ಹೆಜ್ಜೆ ಹಿಂದೆ. ಹಾಗಾಗಿ ಇಲ್ಲಿ ಲಕ್ಷಣದಿಂದ ಹಿಂದಕ್ಕೆ ನಡೆದು ಕಾರಣ ಹುಡುಕುತ್ತೇವೆ.

ಬೇಕಾಗುವ ಸಾಮಾನು ಕಡಿಮೆ: ಒಂದು ತಕ್ಕಡಿ, ಗಡಿಯಾರ, ಸಾಧಾರಣ ಮಲ್ಟಿಮೀಟರ್, ಪಿ.ಎಚ್. ಕಾಗದ, ಒಂದು ನೋಟ್‌ಬುಕ್. ಒಂದು ಸುಡುವಿಗೆ ಒಂದೇ ಬದಲಾವಣೆ ಮಾಡಿ. ತೂತನ್ನೂ ಹೆಚ್ಚಿಸಿ, ಹೊಟ್ಟನ್ನೂ ಬದಲಿಸಿ, ಚಿಮಣಿಯನ್ನೂ ಏರಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ಮುಂದಿನ ವರ್ಷಕ್ಕೂ ಗೊತ್ತಾಗುವುದಿಲ್ಲ.

ಮೊದಲು ಕಸ ಯಾವುದೆಂದು ತಿಳಿಯಿರಿ

ಚಿಕ್ಕಮಗಳೂರು, ಹಾಸನದ ಕಡೆ "ಕಾಫಿ ಹೊಟ್ಟು" ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಎರಡು ಬೇರೆ ಪದಾರ್ಥಗಳನ್ನು. ಕಣದಲ್ಲಿ ಹಣ್ಣನ್ನು ಹಾಗೇ ಒಣಗಿಸಿ ಹಲ್ಲಿಂಗ್ ಮಾಡಿದಾಗ (ಯಂತ್ರದಲ್ಲಿ ಸುಲಿದಾಗ) ಬರುವುದು ಚೆರ್ರಿ ಹೊಟ್ಟು. ಇದರಲ್ಲಿ ಒಣಗಿದ ತಿರುಳು, ಸಿಪ್ಪೆ ಎಲ್ಲವೂ ಸೇರಿರುವುದರಿಂದ ಪೊಟ್ಯಾಶ್ ಹೆಚ್ಚು, ಬೂದಿಯೂ ಹೆಚ್ಚು. ಪಲ್ಪ್ ಮಾಡಿ (ಹಸಿ ಹಣ್ಣಿನ ಸಿಪ್ಪೆ ತೆಗೆದು) ತೊಳೆದ ಕಾಫಿಯನ್ನು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಬೀಜ ಹದಮಾಡುವ ಕಾರ್ಖಾನೆಯಲ್ಲಿ, ಸುಲಿದಾಗ ಬರುವುದು ಪಾರ್ಚ್‌ಮೆಂಟ್ ಹೊಟ್ಟು: ಹಗುರ, ಕಾಗದದಂಥದ್ದು, ಬೂದಿ ಬಹಳ ಕಡಿಮೆ. ಒಂದೇ ಡ್ರಮ್ಮಿನಲ್ಲಿ, ಒಂದೇ ಗಾಳಿಯಲ್ಲಿ ಎರಡೂ ಬೇರೆ ರೀತಿ ಬೇಯುತ್ತವೆ. ಎರಡನ್ನೂ ಬೆರೆಸಿದ ಚೀಲ ತಂದು "ಹೋದ ವಾರ ಚೆನ್ನಾಗಿ ಬಂತು, ಈ ವಾರ ಬರೀ ಬೂದಿ" ಎಂದರೆ ಕಾರಣ ಚೀಲದೊಳಗೇ ಇದೆ. ಪಲ್ಪರ್‌ನಿಂದ ಬಂದ ಹಸಿ ಸಿಪ್ಪೆಯನ್ನು ಸುಡುವ ಯೋಚನೆ ಬಿಡಿ, ಅದು ಗೊಬ್ಬರದ ಗುಂಡಿಗೆ ಸೇರಬೇಕಾದ್ದು.

ಮರಗಸಿಯಲ್ಲಿ (ನೆರಳಿನ ಮರಗಳ ಕೊಂಬೆ ಕಡಿಯುವಾಗ) ಬೀಳುವ ಸಿಲ್ವರ್ ಓಕ್ ಕೊಂಬೆ ಒಳ್ಳೆಯ ಸೌದೆ. ಹಾಲುವಾಣ ನೀರು ಹೊತ್ತ ಮರ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಬಿಳಿ ಕಾಂಡಕೊರಕ ಹೊಡೆದು ಕಿತ್ತ ಅರೇಬಿಕಾ ಗಿಡಗಳನ್ನು ಇದ್ದಿಲಾಗಿಸಿದರೆ ಕಾಂಡದೊಳಗಿನ ಹುಳವೂ ಸಾಯುತ್ತದೆ. ಆದರೆ ಈ ಒಂದು ಕಸಕ್ಕೆ ತಿಂಗಳುಗಟ್ಟಲೆ ಒಣಗಿಸುವ ಸೌಲಭ್ಯವಿಲ್ಲ. ದುಂಬಿ ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಕಾಲ ಬರುವ ಮೊದಲೇ ಸುಟ್ಟು ಮುಗಿಸಬೇಕು. ಹಾಗಾಗಿ ಕಿತ್ತ ದಿನವೇ ಸೀಳಿ, ಗಾಳಿ ಆಡುವಂತೆ ಹರಡಿ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ತೆಂಗಿನ ಚಿಪ್ಪು ಆಕ್ಟಿವೇಟೆಡ್ ಕಾರ್ಬನ್ನಿಗೇ ಮೀಸಲಿರಲಿ. ಮುಸುಕಿನ ಜೋಳದ ದಿಂಡು, ಕೊಪ್ಪ–ಶೃಂಗೇರಿಯ ಅಡಿಕೆ ಸಿಪ್ಪೆ ಬಯೋಚಾರ್‌ಗೆ ಚೆನ್ನ. ಪ್ಲೈವುಡ್, ಬಣ್ಣ ಬಳಿದ ಹಲಗೆ, ಗೊಬ್ಬರದ ಪ್ಲಾಸ್ಟಿಕ್ ಚೀಲದ ತುಂಡು ಯಾವುದಕ್ಕೂ ಬೇಡ.

ಹೊಗೆ ನಿಲ್ಲುತ್ತಿಲ್ಲ

ಹೊಗೆಯ ಬಣ್ಣವೇ ಮೊದಲ ಪರೀಕ್ಷೆ. ಮಂಜಿನಂತೆ ದಪ್ಪ ಬಿಳಿ ಹೊಗೆ, ಮುಖಕ್ಕೆ ತಾಗಿದರೆ ತೇವ ಅನಿಸಿದರೆ, ಅದು ನೀರಾವಿ. ಕಸ ಒಣಗಿಲ್ಲ. ಹಳದಿ ಕಂದು ಬಣ್ಣದ, ಗಂಟಲು ಕಡಿಯುವ ಹೊಗೆ ಎಂದರೆ ಅನಿಲ ಹುಟ್ಟುತ್ತಿದೆ, ಆದರೆ ಮೇಲೆ ಉರಿಯದೆ ಹಾಗೇ ಹೊರಹೋಗುತ್ತಿದೆ. ತೆಳು ನೀಲಿ ಹೊಗೆ ಬಂದರೆ ಅನಿಲ ಮುಗಿದು ಇದ್ದಿಲೇ ಉರಿಯಲು ಹತ್ತಿದೆ, ತಕ್ಷಣ ಮುಚ್ಚಬೇಕು. ಸರಿಯಾಗಿ ನಡೆಯುವ ಡ್ರಮ್ಮಿನ ಚಿಮಣಿ ತುದಿಯಲ್ಲಿ ಬಿಸಿಲಿನ ಝಳದಂತೆ ಗಾಳಿ ನಡುಗುವುದಷ್ಟೇ ಕಾಣಬೇಕು.

ಬಿಳಿ ಹೊಗೆಗೆ ಡ್ರಮ್ಮಿನಲ್ಲಿ ಮದ್ದಿಲ್ಲ. ನೀರಾವಿ ಬೆರೆತ ಅನಿಲ ತೆಳುವಾಗಿ ಬೆಂಕಿ ಹಿಡಿಯುವುದಿಲ್ಲ. ಉರಿ ಇಲ್ಲದಿದ್ದರೆ ಮೇಲಿನ ಪದರ ಬಿಸಿಯೇರುವುದಿಲ್ಲ. ತೇವವನ್ನು ಅಳೆಯಿರಿ: ರಾಶಿಯ ಮೇಲೆ, ನಡುವೆ, ತಳದಿಂದ ತೆಗೆದ 1 ಕೆ.ಜಿ. ಕಸವನ್ನು ಒಲೆಯ ಮೇಲಿನ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ, ಕರಿಯಾಗಲು ಬಿಡದೆ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 850 ಗ್ರಾಂ ಉಳಿದರೆ ತೇವ ಶೇ 15. ಅದು ಒಳ್ಳೆಯ ಅಂಕಿ. 800 ಗ್ರಾಂಗಿಂತ ಕಡಿಮೆ ಉಳಿದರೆ ಆ ರಾಶಿಯನ್ನು ಇವತ್ತು ತುಂಬಬೇಡಿ. ಹೊಟ್ಟಿಗೆ ಇನ್ನೂ ಸುಲಭದ ಉಪಾಯವಿದೆ. ಒಣಗಿದ ಗಾಜಿನ ಬಾಟಲಿಗೆ ಕಾಲು ಭಾಗ ಹೊಟ್ಟು, ಎರಡು ಚಮಚ ಹುರಿದು ಒಣಗಿಸಿದ ಪುಡಿ ಉಪ್ಪು ಹಾಕಿ ಮುಚ್ಚಿ ಚೆನ್ನಾಗಿ ಅಲುಗಿಸಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಹೊಟ್ಟು ಇನ್ನೂ ಹಸಿ. ಧಾನ್ಯದ ತೇವ ನೋಡುವ ಉಪಾಯವೇ ಇದು.

ಒಂದು ಮಾತು ಮಲೆನಾಡಿಗೆ ಮಾತ್ರ. ಜನವರಿಯಲ್ಲಿ ಒಣಗಿಸಿ ಶೆಡ್ಡಿನೊಳಗೆ ಇಟ್ಟ ಹೊಟ್ಟು ಜುಲೈಗೆ ಒಣಗಿದ್ದಾಗಿರುವುದಿಲ್ಲ. ಮಳೆ ತಾಗದಿದ್ದರೂ ಗಾಳಿಯ ತೇವವನ್ನು ಅದು ಹೀರಿಕೊಂಡಿರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆಯವರು ಸುಡುವ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸುವುದೇ ಲೇಸು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ವಾರ ರಾಶಿಯ ಮೇಲೆ ಟಾರ್ಪಾಲ್ ಇದ್ದರೂ ತಳಕ್ಕೆ ನೆಲದ ತೇವ ಏರುತ್ತದೆ. ಸಿಲ್ವರ್ ಗಳುಗಳನ್ನು ಹಾಸಿ ಅದರ ಮೇಲೆ ರಾಶಿ ಹಾಕಿ.

ಇನ್ನು ಹಳದಿ ಹೊಗೆ. ಇಲ್ಲಿ ಡ್ರಮ್ಮನ್ನೇ ನೋಡಬೇಕು. ಮೇಲಿನಿಂದ ಹೊತ್ತಿಸುವ 200 ಲೀಟರ್ ಡ್ರಮ್ಮಿಗೆ ತಳದಲ್ಲಿ 12 ಮಿ.ಮೀ.ನ ಸುಮಾರು 40 ತೂತು, ಬಾಯಿ ಮತ್ತು ಚಿಮಣಿ ಮುಚ್ಚಳದ ನಡುವೆ ಸುತ್ತಲೂ 2–3 ಸೆಂ.ಮೀ. ಸಂದು, 15–20 ಸೆಂ.ಮೀ. ಅಗಲದ 1.2ರಿಂದ 1.8 ಮೀಟರ್ ಉದ್ದದ ಚಿಮಣಿ, ಇದು ಆರಂಭಕ್ಕೆ ಸರಿಯಾದ ಅಳತೆ. ತಳದ ಗಾಳಿ ಅನಿಲವನ್ನು ಹುಟ್ಟಿಸುತ್ತದೆ, ಬಾಯಿಯ ಸಂದಿನ ಗಾಳಿ ಅದನ್ನು ಉರಿಸುತ್ತದೆ. ಹಳದಿ ಹೊಗೆ ಬಂದರೆ ತಳದಲ್ಲಿ ಗಾಳಿ ಜಾಸ್ತಿ ಅಥವಾ ಮೇಲೆ ಕಡಿಮೆ. ತಳದ ಅರ್ಧ ತೂತುಗಳಿಗೆ ಮಣ್ಣು ಒತ್ತಿ ನೋಡಿ. ಐದು ನಿಮಿಷದಲ್ಲಿ ಹೊಗೆ ತೆಳುವಾದರೆ ಕಾರಣ ಸಿಕ್ಕಿತು. ತೆಳುವಾಗದಿದ್ದರೆ ಮೇಲಿನ ಸಂದಿಗೆ ಇನ್ನೊಂದು ಸೆಂ.ಮೀ. ಕೊಡಿ. ಉರಿ ಆರಿಹೋಗಿ ಹೊಗೆ ಬರುತ್ತಿದ್ದರೆ ಚಿಮಣಿಯೊಳಗೆ ಇಣುಕಬೇಡಿ. ಉದ್ದ ಕೋಲಿಗೆ ಕಟ್ಟಿದ ಉರಿಯುವ ಬಟ್ಟೆಯನ್ನು ಪಕ್ಕದಿಂದ ಸಂದಿಗೆ ಹಿಡಿಯಿರಿ. ತುಂಬಿಕೊಂಡ ಅನಿಲ ಭುಸ್ ಎಂದು ಒಮ್ಮೆಲೇ ಹೊತ್ತುತ್ತದೆ.

ಮೇಲರ್ಧ ಇದ್ದಿಲು, ಕೆಳಗರ್ಧ ಕಂದು ಕಸ

ಪಾರ್ಚ್‌ಮೆಂಟ್ ಹೊಟ್ಟನ್ನು ಒಂಟಿಯಾಗಿ ಬಾಯಿಮಟ್ಟ ತುಂಬಿದಾಗ ಹೀಗಾಗುವುದು ಹೆಚ್ಚು. ಚಪ್ಪಟೆ ಚೂರುಗಳು ಒಂದರ ಮೇಲೊಂದು ಎಲೆಯಂತೆ ಕೂತು ಗಾಳಿಯ ದಾರಿ ಕಟ್ಟುತ್ತವೆ. ಗಾಳಿ ಯಾವುದೋ ಒಂದು ಬಿರುಕಿನಲ್ಲಿ ಮಾತ್ರ ಏರುತ್ತದೆ. ಆ ಜಾಗ ಬೂದಿ, ಪಕ್ಕದ್ದು ಕಂದು. ತುಂಬುವಾಗ ಡ್ರಮ್ಮನ್ನು ಕುಲುಕಿ "ಇನ್ನೂ ಸ್ವಲ್ಪ ಹಿಡಿಸೋಣ" ಎಂದರೆ ದೋಷ ಇಮ್ಮಡಿ. ಹೆಬ್ಬೆರಳು ದಪ್ಪ, ನಾಲ್ಕೈದು ಸೆಂ.ಮೀ. ಉದ್ದದ ಸಿಲ್ವರ್ ಚೂರು ಅಥವಾ ಮುರಿದ ಜೋಳದ ದಿಂಡನ್ನು ಅಳತೆಯಲ್ಲಿ ಸಮಸಮ ಬೆರೆಸಿ. ಇಲ್ಲವೇ ಹೊಟ್ಟಿನ ಪದರವನ್ನು 30–40 ಸೆಂ.ಮೀ.ಗೆ ಇಳಿಸಿ. ದಪ್ಪ ಕೊಂಬೆ ಮತ್ತು ಹೊಟ್ಟನ್ನು ಬೆರೆಸುವುದೂ ತಪ್ಪೇ: ಹೊಟ್ಟು ಬೂದಿಯಾಗುವ ಹೊತ್ತಿಗೆ ಕೊಂಬೆಯ ತಿರುಳು ಇನ್ನೂ ಸೌದೆಯಾಗಿರುತ್ತದೆ.

ಬೆಂಕಿ ಎಲ್ಲಿಗೆ ಬಂತು ಎಂದು ಡ್ರಮ್ಮಿನ ಹೊರಮೈಯೇ ಹೇಳುತ್ತದೆ. ಹೊಸ ಡ್ರಮ್ಮಾದರೆ ಬಣ್ಣ ಬೊಬ್ಬೆ ಎದ್ದು ಸುಲಿಯುವ ಗೆರೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಹಳೆಯದಾದರೆ ಒದ್ದೆ ಕೈಯಿಂದ ನೀರು ಸಿಂಪಡಿಸಿ ನೋಡಿ, ಚುರ್ ಎಂದು ಹಾರುವ ಜಾಗದ ತನಕ ಬೆಂಕಿ ಇಳಿದಿದೆ. ಈ ಗೆರೆ ಸುತ್ತಲೂ ಸಮವಾಗಿರಬೇಕು. ಒಂದು ಬದಿ ಗೇಣುದ್ದ ಕೆಳಗಿದ್ದರೆ ಒಳಗೆ ಗಾಳಿಗೆ ಬಿರುಕು ಬಿದ್ದಿದೆ ಅಥವಾ ಆ ಬದಿಗೆ ಗುಡ್ಡದ ಗಾಳಿ ಹೊಡೆಯುತ್ತಿದೆ. ಅಡ್ಡಕ್ಕೆ ಒಂದು ತಗಡು ನಿಲ್ಲಿಸಿ. ತುಂಬಿದ ಡ್ರಮ್ ಮುಗಿಯಲು ಕಸ ನೋಡಿಕೊಂಡು ಒಂದೂವರೆಯಿಂದ ಎರಡೂವರೆ ಗಂಟೆ ಬೇಕು. ತಳದ ತೂತುಗಳಲ್ಲಿ ಕೆಂಡ ಇಣುಕಿದಾಗ, ಹಳದಿ ಉರಿ ಗಿಡ್ಡವಾಗಿ ನೀಲಿಗೆ ತಿರುಗಿದಾಗ ನಿಲ್ಲಿಸಿ. ಇನ್ನೂ ಹತ್ತು ನಿಮಿಷ ಬಿಡೋಣ ಎಂದರೆ ಆ ಹತ್ತು ನಿಮಿಷ ಬೂದಿಯ ಲೆಕ್ಕಕ್ಕೆ.

ಬೂದಿಯೇ ಜಾಸ್ತಿ, ಇದ್ದಿಲು ಕಡಿಮೆ

ಇಲ್ಲಿ ತಕ್ಕಡಿ ಬೇಕು. ಒಣಗಿದ 100 ಕೆ.ಜಿ. ಕಸಕ್ಕೆ ಒಣ ಲೆಕ್ಕದಲ್ಲಿ 20–25 ಕೆ.ಜಿ. ಇದ್ದಿಲು ಬಂದರೆ ಡ್ರಮ್ಮೂ ಗುಂಡಿಯೂ ಸರಿಯಾಗಿವೆ. 15ಕ್ಕಿಂತ ಕಡಿಮೆಯಾದರೆ ಇದ್ದಿಲು ಉರಿದುಹೋಗಿದೆ. 35 ದಾಟಿತೆಂದು ಹಿಗ್ಗಬೇಡಿ, ಅರೆಬೆಂದಿದೆ ಅಥವಾ ನೀರು ಸೇರಿಸಿ ತೂಗಿದ್ದೀರಿ. ನೀರು ಹೊಯ್ದು ಆರಿಸಿದ ಇದ್ದಿಲಾದರೆ ರಾಶಿ ಪೂರ್ತಿ ತೂಗಿ, ಅದರಲ್ಲಿ 1 ಕೆ.ಜಿ.ಯನ್ನು ಬಿಸಿಲಲ್ಲಿ ಪೂರಾ ಒಣಗಿಸಿ, ಉಳಿದ ತೂಕದಿಂದ ಲೆಕ್ಕ ಹಾಕಿ.

ಇದ್ದಿಲು ಸುಡುವಾಗ ಉರಿದದ್ದೋ, ಆರುವಾಗ ಉರಿದದ್ದೋ ಎಂದು ಬೇರ್ಪಡಿಸುವುದು ಸುಲಭ. ಸಂಜೆ ಮುಚ್ಚುವಾಗ ಒಳಗಿನ ಮಟ್ಟಕ್ಕೆ ಕಡ್ಡಿ ಇಟ್ಟು ಗುರುತು ಮಾಡಿ. 24 ಗಂಟೆ ಕಳೆದು ತೆಗೆದಾಗ ಮಟ್ಟ ಇಳಿದಿದ್ದರೆ ಮುಚ್ಚಿದ ಮೇಲೂ ಗಾಳಿ ಒಳಹೋಗಿದೆ. ಮೆತ್ತಿದ ಜೇಡಿಮಣ್ಣು ಬಿಸಿಗೆ ಒಣಗಿ ಬಿರುಕು ಬಿಡುವುದೇ ಇದಕ್ಕೆ ಸಾಮಾನ್ಯ ಕಾರಣ. ಮಣ್ಣು ಮೆತ್ತುವ ಬದಲು ಡ್ರಮ್ಮಿನ ಬುಡಕ್ಕೆ ಒದ್ದೆ ಮರಳನ್ನು ಗೇಣೆತ್ತರ ಒತ್ತಿ, ಮುಚ್ಚಳದ ಅಂಚಿಗೂ ಒದ್ದೆ ಮರಳಿನ ಕಟ್ಟೆ ಕಟ್ಟಿ. ಮರಳು ಒಣಗಿದರೂ ಬಿರುಕು ಬಿಡುವುದಿಲ್ಲ, ಕುಸಿದು ಸಂದು ಮುಚ್ಚುತ್ತದೆ.

ಶಂಕುವಿನಾಕಾರದ ಗುಂಡಿಯಲ್ಲಿ ಸುಡುವವರಿಗೆ ಕಾರಣ ಬೇರೆ. ಮೇಲಗಲ 1.5 ಮೀಟರ್, ತಳ ಅರ್ಧ ಮೀಟರ್, ಆಳ 80 ಸೆಂ.ಮೀ. ಇರುವ ಗುಂಡಿಯಲ್ಲಿ ಮೇಲಿನ ಉರಿಯೇ ಹೊದಿಕೆ. ಅದು ಗಾಳಿಯ ಆಮ್ಲಜನಕವನ್ನು ತಾನು ತಿಂದು ಕೆಳಗಿನ ಇದ್ದಿಲನ್ನು ಕಾಯುತ್ತದೆ. ಮೇಲ್ಪದರದ ಕೊಂಬೆಗಳ ಮೇಲೆ ತೆಳು ಬಿಳಿ ಬೂದಿ ಕಾಣುತ್ತಿದ್ದಂತೆ ಮುಂದಿನ ಪದರ ಹಾಕಬೇಕು. ಅದಕ್ಕೆ ಮೊದಲೇ ಹಾಕಿದರೆ ಉರಿ ಉಸಿರುಗಟ್ಟಿ ಹೊಗೆ, ತಡವಾದರೆ ಬೂದಿ. ಊಟಕ್ಕೆ ಹೋಗಿ ಬರುವಷ್ಟು ಬಿಡುವು ಈ ಕೆಲಸದಲ್ಲಿಲ್ಲ, ಇಬ್ಬರು ಇರಬೇಕು. ಆರಿಸಲು 200 ಲೀಟರಿನ ಮೂರು ಡ್ರಮ್ ನೀರನ್ನು ಬೆಂಕಿ ಹಾಕುವ ಮೊದಲೇ ತುಂಬಿಸಿಡಿ. ಮೋಟರ್ ಹಾಕಿದರಾಯಿತು ಎಂದುಕೊಂಡರೆ ಕರೆಂಟ್ ಹೋದ ಹೊತ್ತಿಗೆ ಇಡೀ ಗುಂಡಿ ಬೂದಿ.

ಎಲ್ಲ ಸರಿ ಇದ್ದೂ ಚೆರ್ರಿ ಹೊಟ್ಟಿನಲ್ಲಿ ಬೂದಿ ಹೆಚ್ಚೇ ಇರುತ್ತದೆ. ಪೊಟ್ಯಾಶ್ ಇದ್ದಲ್ಲಿ ಇದ್ದಿಲು ಬೇಗ ಹೊತ್ತುತ್ತದೆ. ಬಿಸಿ ಮೀರಿದರೆ ಬೂದಿ ಕರಗಿ ಗಾಜಿನ ಹೆಂಟೆಯಂತೆ ತಳದ ತೂತು ಕಟ್ಟುತ್ತದೆ. ಪ್ರತಿ ಸುಡುವಿನ ನಂತರ ಆ ಹೆಂಟೆಗಳನ್ನು ಕೆದಕಿ ತೆಗೆಯಿರಿ.

ಚೀಲದಲ್ಲಿ ಹೊತ್ತಿಕೊಂಡಿತು

ಉಳಿದ ದೋಷಗಳಲ್ಲಿ ಹೋಗುವುದು ಕಸ, ಇದರಲ್ಲಿ ಹೋಗುವುದು ಗೋಡೌನ್. ಹೊಸ ಇದ್ದಿಲು ಗಾಳಿಯ ಆಮ್ಲಜನಕವನ್ನು ಹೀರುತ್ತದೆ, ಹೀರುವಾಗ ಬಿಸಿಯಾಗುತ್ತದೆ. ತೆಳ್ಳಗೆ ಹರಡಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಚೀಲಗಳಲ್ಲಿ ತುಂಬಿ ಒಟ್ಟಿದರೆ ನಡುವಿನ ಚೀಲದಲ್ಲಿ ಬಿಸಿ ಕೂಡುತ್ತಾ ಹೋಗಿ ತಾನಾಗಿಯೇ ಕೆಂಡವಾಗುತ್ತದೆ. ಪುಡಿ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ಜೊತೆಗೆ ದಪ್ಪ ಕೊಂಬೆಯ ನಡುವೆ ಬಟಾಣಿಯಷ್ಟು ಕೆಂಡ ಉಳಿದಿದ್ದರೂ ಸಾಕು, ಮೇಲೆ ಕೈಗೆ ತಣ್ಣಗೆ ಹತ್ತುತ್ತಿರುತ್ತದೆ.

ಮುಚ್ಚಿ ಆರಿಸಿದ್ದಾದರೆ 24 ಗಂಟೆ ತೆಗೆಯಬೇಡಿ. ತೆಗೆದ ಮೇಲೆ ಬಯಲಲ್ಲಿ 10–15 ಸೆಂ.ಮೀ. ದಪ್ಪಕ್ಕೆ ಹರಡಿ ಇನ್ನೊಂದು ದಿನ ಬಿಡಿ. ಕಾಫಿ ಒಣಗುವ ಕಣದಲ್ಲಿ ಮಾತ್ರ ಬೇಡ. ನಂತರ ಶೇ 20–30 ತೇವ ಬರುವಂತೆ ನೀರು ಚಿಮುಕಿಸಿ ತುಂಬಿ. ಮಣ್ಣಿಗೆ ಹಾಕುವುದಕ್ಕೆ ತೇವದಿಂದ ನಷ್ಟವಿಲ್ಲ, ದೂಳೂ ಏಳುವುದಿಲ್ಲ. ನೀರು ಹೊಯ್ದು ಆರಿಸಿದ್ದಾದರೆ ರಾಶಿಯ ನಡುವಿಗೆ ಕಬ್ಬಿಣದ ಸಲಾಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ ನೋಡಿ. ಬೆಚ್ಚಗಿದ್ದರೂ ಮತ್ತೆ ನೀರು. ಮೊದಲ ವಾರ ಮನೆ, ಕೊಟ್ಟಿಗೆ, ಗೋಣಿಚೀಲದ ಗೋಡೌನ್ ಇವುಗಳ ಹತ್ತಿರಕ್ಕೂ ತರಬೇಡಿ.

ಇದ್ದಿಲು ಬೆಂದಿದೆಯೋ ಇಲ್ಲವೋ

ಒಂದು ತುಂಡನ್ನು ಬೆರಳಲ್ಲಿ ಉಜ್ಜಿ. ಬರೀ ನೀರಲ್ಲಿ ಕೈಮಸಿ ಹೋದರೆ ಸರಿ. ಸೋಪು ಹಾಕಿದರೂ ಬೆರಳ ಗೆರೆಗಳಲ್ಲಿ ಜಿಡ್ಡು ಮಸಿ ಉಳಿದು, ಮೂಗಿಗೆ ಬೀಡಿ ಹೊಗೆಯಂಥ ವಾಸನೆ ಬಂದರೆ ಒಳಗೆ ಟಾರ್, ಅಂದರೆ ಉರಿಯದೆ ಉಳಿದ ಹೊಗೆಯ ಜಿಡ್ಡು, ಇದೆ. ಒಣ ತುಂಡು ಮುರಿದರೆ ಗಾಜಿನಂತೆ ಟಣ್ ಎನ್ನಬೇಕು, ಮುರಿದ ಮೈಯ ನಡುವೆ ಕಂದು ಗೆರೆ ಇರಬಾರದು. ಮಲ್ಟಿಮೀಟರಿನ ಎರಡು ಮೊನೆಗಳನ್ನು ಒಣ ತುಂಡಿಗೆ 1 ಸೆಂ.ಮೀ. ಅಂತರದಲ್ಲಿ ಒತ್ತಿ. ಸುಮಾರು 700 ಡಿಗ್ರಿ ಮುಟ್ಟಿದ ಇದ್ದಿಲು ವಿದ್ಯುತ್ ಹರಿಸುತ್ತದೆ, ಓಮ್ ಅಂಕಿ ನೂರರ ಆಸುಪಾಸಿಗೆ ಬರುತ್ತದೆ. 400–500 ಡಿಗ್ರಿಯಲ್ಲಿ ನಿಂತದ್ದು ಮೆಗಾ ಓಮ್‌ನಲ್ಲೇ ಇರುತ್ತದೆ. ಮಣ್ಣಿಗೆ 500ರದ್ದೂ ಒಳ್ಳೆಯದೇ, ಆದ್ದರಿಂದ ಮೀಟರ್ ಹರಿಯದಿದ್ದರೆ ಅದನ್ನು ದೋಷವೆಂದು ಎಸೆಯಬೇಡಿ. ಟಾರ್ ವಾಸನೆಯಿದ್ದರೆ ಮಾತ್ರ ಮುಂದಿನ ಸುಡುವಿನಲ್ಲಿ ಮೇಲ್ಪದರವಾಗಿ ಮತ್ತೆ ಸುಡಿ.

ಗಿಡ ಹಳದಿಯಾಯಿತು, ಅಂಚು ಸುಟ್ಟಿತು

ಇವು ಎರಡು ಬೇರೆ ದೋಷ. ಎಲೆಯೆಲ್ಲ ಪೇಲವವಾಗಿ, ಹಳೆಯ ಎಲೆಯಿಂದ ಹಳದಿ ಶುರುವಾದರೆ ಸಾರಜನಕದ ಕೊರತೆ. ಬರಿ ಇದ್ದಿಲನ್ನು ನೇರ ಮಣ್ಣಿಗೆ ಹಾಕಿದಾಗ ಅದು ಮಣ್ಣಿನ ಪೋಷಕಾಂಶವನ್ನು ಮೊದಲು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಅರೆಬೆಂದಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೂ ಸಾರಜನಕ ಎಳೆಯುತ್ತವೆ. ಹೊಟ್ಟೆ ತುಂಬಿಸದೆ ಇದ್ದಿಲನ್ನು ಗಿಡದ ಹತ್ತಿರ ಬಿಡಬೇಡಿ. ಒಂದು ಬುಟ್ಟಿ ಇದ್ದಿಲಿಗೆ ಮೂರು ನಾಲ್ಕು ಬುಟ್ಟಿ ಹಸಿ ಕೊಟ್ಟಿಗೆ ಗೊಬ್ಬರ ಬೆರೆಸಿ, ಗಂಜಲ ಚಿಮುಕಿಸಿ, ಹಿಂಡಿದರೆ ಉಂಡೆ ನಿಲ್ಲುವಷ್ಟು ತೇವದಲ್ಲಿ ನೆರಳಿನಲ್ಲಿ ಮೂರು ನಾಲ್ಕು ವಾರ ಇಡಿ, ವಾರಕ್ಕೊಮ್ಮೆ ಮಗುಚಿ.

ಎಲೆಯ ಅಂಚು, ತುದಿ ಸುಟ್ಟಂತಾದರೆ ಅದು ಉಪ್ಪು. ಚೆರ್ರಿ ಹೊಟ್ಟಿನ ಇದ್ದಿಲಲ್ಲಿ ಕರಗುವ ಪೊಟ್ಯಾಶ್ ಲವಣ ತುಂಬಾ. ನರ್ಸರಿ ತೊಟ್ಟೆಯಲ್ಲಿ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲದಲ್ಲಿ) ಇದು ಮೊದಲು ಕಾಣುತ್ತದೆ, ಅಲ್ಲಿ ಬೇರಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಕಾಡುಮಣ್ಣು 6, ಕೊಟ್ಟಿಗೆ ಗೊಬ್ಬರ 2, ಮರಳು 1 ಎಂಬ ರೂಢಿಯ ಮಿಶ್ರಣಕ್ಕೆ ಅಳತೆಯಲ್ಲಿ ಶೇ 5ರಿಂದ ಶುರುಮಾಡಿ, ಶೇ 10 ದಾಟಬೇಡಿ. 10 ಗ್ರಾಂ ಇದ್ದಿಲಿಗೆ 100 ಮಿ.ಲೀ. ಮಳೆನೀರು ಹಾಕಿ ಒಂದು ಗಂಟೆ ಬಿಟ್ಟು ಪಿ.ಎಚ್. ಕಾಗದ ಅದ್ದಿ. 8–9 ಇದ್ದರೆ ಸರಿ. 10 ತೋರಿಸಿದರೆ ಒಮ್ಮೆ ನೀರು ಹೊಯ್ದು ಸೋಸಿ. ಆ ನೀರಲ್ಲಿ ಪೊಟ್ಯಾಶ್ ಇರುವುದರಿಂದ ಚೆಲ್ಲದೆ ಬಾಳೆಗೋ ತೆಂಗಿಗೋ ಬಿಡಿ. ಮಲೆನಾಡಿನ ಹುಳಿಮಣ್ಣಿಗೆ ಬಯೋಚಾರ್‌ನ ಕ್ಷಾರಗುಣ ವರವೇ. ಆದರೆ ಆ ವರ್ಷ ಸುಣ್ಣ ಹಾಕಿದ ತೋಟಕ್ಕೆ ಇದನ್ನೂ ಸುರಿದರೆ ಸತು, ಕಬ್ಬಿಣ ಬೇರಿಗೆ ಸಿಗದೆ ಹೊಸ ಚಿಗುರು ಬಿಳಿಚುತ್ತದೆ. ಹರಿದುಹೋಗುವ ಇಳಿಜಾರಿನಲ್ಲಿ ಮೇಲೆ ಚೆಲ್ಲಿದ ಇದ್ದಿಲು ಜುಲೈ ಮಳೆಗೆ ತೇಲಿ ಹಳ್ಳ ಸೇರುತ್ತದೆ. ಹೂಮಳೆ ಆದ ಮೇಲೆ, ಮುಂಗಾರಿಗೆ ಮೊದಲು, ಗಿಡಕ್ಕೆ 1–2 ಕೆ.ಜಿ. ಪಕ್ವವಾದ ಮಿಶ್ರಣವನ್ನು ಮಣ್ಣಿನೊಳಗೆ 5–10 ಸೆಂ.ಮೀ. ಬೆರೆಸಿ ತರಗು ಮುಚ್ಚಿ.

ಅನುಮಾನವಿದ್ದ ಪ್ರತಿ ರಾಶಿಗೂ ಮೊಳಕೆ ಪರೀಕ್ಷೆ ಮಾಡಿ. ಎರಡು ತಟ್ಟೆ, ಒಂದರಲ್ಲಿ ಬರಿ ಮಣ್ಣು, ಇನ್ನೊಂದರಲ್ಲಿ ಮಣ್ಣಿಗೆ ಶೇ 10 ಇದ್ದಿಲು, ತಲಾ 20 ಹೆಸರುಕಾಳು. ಐದಾರು ದಿನದಲ್ಲಿ ಎರಡನೆಯ ತಟ್ಟೆಯ ಬೇರು ಮೊಂಡಾಗಿ ಕಂದಿದ್ದರೆ ಆ ರಾಶಿ ತೋಟಕ್ಕೆ ಹೋಗಬಾರದು.

ಆಕ್ಟಿವೇಟೆಡ್ ಕಾರ್ಬನ್: ಬಣ್ಣ ಹೀರುತ್ತಿಲ್ಲ

ಚಿಪ್ಪಿನ ಇದ್ದಿಲನ್ನು ಪುಡಿ ಮಾಡಿದ ಮಾತ್ರಕ್ಕೆ ಅದು ಆಕ್ಟಿವೇಟೆಡ್ ಕಾರ್ಬನ್ ಆಗುವುದಿಲ್ಲ. 450–600 ಡಿಗ್ರಿಯಲ್ಲಿ ಇದ್ದಿಲು ಮಾಡಿ, 2–5 ಮಿ.ಮೀ. ಹರಳಾಗಿ ಒಡೆದು ಜರಡಿ ಹಿಡಿದು, ಕುಲುಮೆಯಲ್ಲಿಟ್ಟ ಮುಚ್ಚಿದ ಕೊಳವೆಯೊಳಗೆ ಗಾಳಿಯಿಲ್ಲದೆ 850–950 ಡಿಗ್ರಿಯಲ್ಲಿ ಹಬೆ ಹಾಯಿಸಬೇಕು. ಹಬೆ ಇಂಗಾಲವನ್ನು ತಿಂದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಿ ಹೊರಡುತ್ತದೆ, ತಿಂದ ಜಾಗವೇ ರಂಧ್ರ. ಈ ಎರಡು ಅನಿಲಗಳಲ್ಲಿ ಒಂದು ವಾಸನೆಯಿಲ್ಲದ ವಿಷ, ಎರಡೂ ಸಿಡಿಯುವಂಥವು. ಬಯಲು ಶೆಡ್, ಅನಿಲ ಹೊರಹೋಗುವ ನಳಿಗೆಯ ತುದಿಯಲ್ಲಿ ಸದಾ ಉರಿಯುವ ದೀಪ, ಇವೆರಡೂ ಇಲ್ಲದೆ ಈ ಕೆಲಸ ಶುರುಮಾಡಬೇಡಿ. ಕೊಳವೆ ಪೂರಾ ತಣ್ಣಗಾಗುವ ತನಕ ಬಾಯಿ ಬಿಚ್ಚಲೂಬೇಡಿ.

ದೋಷ ಹುಡುಕಲು ಮತ್ತೆ ತೂಕವೇ ದಾರಿ. ಒಳಗಿಟ್ಟ 1000 ಗ್ರಾಂನಲ್ಲಿ 500–600 ಗ್ರಾಂ ಉಳಿದರೆ, ಅಂದರೆ ಶೇ 40–50 ನಷ್ಟವಾದರೆ, ಸರಿಯಾದ ಜಾಗದಲ್ಲಿದ್ದೀರಿ. 850 ಗ್ರಾಂ ಉಳಿದು ಹೀರಿಕೆಯೂ ಇಲ್ಲವಾದರೆ ಬಿಸಿ ಸಾಲದು ಅಥವಾ ಹಬೆ ಹರಳುಗಳ ನಡುವೆ ಹೋಗದೆ ಪಕ್ಕದಲ್ಲಿ ನುಸುಳಿದೆ. ತೂಕ ಅರ್ಧಕ್ಕೆ ಇಳಿದೂ ಹೀರದಿದ್ದರೆ ಗಾಳಿ ಸೋರಿದೆ. ಆಮ್ಲಜನಕ ರಂಧ್ರ ಕೊರೆಯುವಷ್ಟು ತಾಳ್ಮೆಯಿಂದ ತಿನ್ನುವುದಿಲ್ಲ, ಹರಳಿನ ಹೊರಮೈಯನ್ನೇ ಸುಡುತ್ತದೆ. ಸೋರಿದ ಜಾಗದ ಹತ್ತಿರದ ಹರಳುಗಳು ಮೂಲೆ ಸವೆದು ಗುಂಡಗಾಗಿ, ಮೇಲೆ ಬಿಳಿ ಬೂದಿ ಬಳಿದುಕೊಂಡಿರುತ್ತವೆ. ಅದನ್ನು ನೋಡಿಯೇ ಯಾವ ಫ್ಲೇಂಜ್ (ಕೊಳವೆ ಜೋಡಿಸುವ ಅಂಚುಬಿಲ್ಲೆ) ಸೋರಿತು ಎಂದು ಹೇಳಬಹುದು. ಶೇ 70ಕ್ಕಿಂತ ಹೆಚ್ಚು ನಷ್ಟವಾದರೆ ಹರಳು ಬೆರಳಲ್ಲೇ ಪುಡಿಯಾಗುತ್ತದೆ.

ಬಿಸಿಯ ಅಳತೆಯಲ್ಲೇ ಹೆಚ್ಚು ಜನ ಮೋಸಹೋಗುವುದು. ಥರ್ಮೋಕಪಲ್ಲನ್ನು (ಹೆಚ್ಚು ಬಿಸಿ ಅಳೆಯುವ ತಂತಿಯನ್ನು) ಕೊಳವೆಯ ಹೊರಗೆ ಕಟ್ಟಿದರೆ ಅದು ಕುಲುಮೆಯ ಬಿಸಿ ಹೇಳುತ್ತದೆ, ಇದ್ದಿಲಿನದ್ದಲ್ಲ. ಹಬೆಯ ಕ್ರಿಯೆಗೆ ಬಿಸಿ ಬೇಕು, ಹಾಗಾಗಿ ಹಬೆ ಬಿಟ್ಟ ಕೂಡಲೇ ಒಳಗಿನ ಬಿಸಿ ಇಳಿಯುತ್ತದೆ. ಕೆ-ಟೈಪ್ ಥರ್ಮೋಕಪಲ್ಲನ್ನು ಒಂದು ತುದಿ ಮುಚ್ಚಿದ ಸ್ಟೀಲ್ ನಳಿಗೆಯಲ್ಲಿ ಹರಳುಗಳ ನಡುವಿಗೇ ಇಳಿಸಿ. 800ಕ್ಕಿಂತ ಇಳಿದರೆ ಹಬೆ ನಿಲ್ಲಿಸಿ, ಮತ್ತೆ ಏರಿದ ಮೇಲೆ ಬಿಡಿ. ಮಂದ ಬೆಳಕಲ್ಲಿ ಕೊಳವೆ ಕಡುಗೆಂಪಾಗಿ ಕಂಡರೆ ಸುಮಾರು 700, ಕಿತ್ತಳೆಗೆ ತಿರುಗಿದರೆ 900ರ ಹತ್ತಿರ. ಹಬೆ ಒಣಗಿರಬೇಕು. ಬಾಯ್ಲರ್‌ನಿಂದ ಬಂದ ನಳಿಗೆಯನ್ನು ಕುಲುಮೆಯೊಳಗೆ ಎರಡು ಸುತ್ತು ಸುತ್ತಿಸಿ ತನ್ನಿ. ತೊಟ್ಟಿಕ್ಕುವ ಹಬೆ ಹೋದ ಬದಿಯ ಹರಳು ಹಾಗೇ ಉಳಿಯುತ್ತದೆ. ಕೊಳವೆಗೆ ಮೈಲ್ಡ್ ಸ್ಟೀಲ್ ಬೇಡ, ಈ ಬಿಸಿಗೆ ಪದರ ಪದರವಾಗಿ ಉದುರುತ್ತದೆ. 310 ದರ್ಜೆಯ ಸ್ಟೇನ್‌ಲೆಸ್ ತಾಳುತ್ತದೆ.

ಚೆರ್ರಿ ಹೊಟ್ಟಿನ ಇದ್ದಿಲನ್ನು ಇದೇ ಕೊಳವೆಗೆ ಹಾಕಿ ನಿರಾಶರಾಗುವವರು ಹಲವರು. ಅದರ ಪೊಟ್ಯಾಶ್ ಹಬೆಯ ಕ್ರಿಯೆಯನ್ನು ಎಷ್ಟು ಚುರುಕು ಮಾಡುತ್ತದೆಂದರೆ ಅದೇ ಬಿಸಿ, ಅದೇ ಹೊತ್ತಿಗೆ ಬೂದಿಯಷ್ಟೇ ಉಳಿದೀತು. ಅದು ಮಣ್ಣಿಗೆ ಹುಟ್ಟಿದ ಕಸ, ಮಣ್ಣಿಗೇ ಹೋಗಲಿ.

ಅಡಿಕೆ ಸಿಪ್ಪೆ, ಜೋಳದ ದಿಂಡಿಗೆ ಫಾಸ್ಫಾರಿಕ್ ಆಮ್ಲದ ದಾರಿ ಇದೆ. 1 ಕೆ.ಜಿ. ಒಣ ಪುಡಿಗೆ ಶೇ 85ರ ಆಮ್ಲ 1.18 ಕೆ.ಜಿ., ಅಂದರೆ ಸುಮಾರು 700 ಮಿ.ಲೀ. ಆಮ್ಲ, ಬೇಕು. ತೆಳುಮಾಡುವಾಗ ನೀರಿಗೆ ಆಮ್ಲವನ್ನು ಹಾಕಬೇಕು, ಆಮ್ಲಕ್ಕೆ ನೀರನ್ನಲ್ಲ. ಒಂದು ರಾತ್ರಿ ನೆನೆಸಿ, ಒಣಗಿಸಿ, ಮುಚ್ಚಿದ ಮಣ್ಣಿನ ಮೂಸೆಯಲ್ಲಿ 450–500 ಡಿಗ್ರಿಗೆ ಒಂದು ಗಂಟೆ. ಸ್ಟೀಲ್ ಪಾತ್ರೆಯನ್ನು ಬಿಸಿ ಆಮ್ಲ ತಿನ್ನುತ್ತದೆ. ಪಿ.ಎಚ್. 6–7 ಬರುವ ತನಕ ಬಿಸಿನೀರಲ್ಲಿ ತೊಳೆಯಬೇಕು. "ಎಷ್ಟು ತೊಳೆದರೂ ಹುಳಿ" ಎಂದರೆ ತಣ್ಣೀರಲ್ಲಿ ತೊಳೆಯುತ್ತಿದ್ದೀರಿ. ರಂಧ್ರದೊಳಗಿನ ಆಮ್ಲ ಹೊರಬರಲು ಕುದಿಸಿ, ಅರ್ಧ ಗಂಟೆ ಬಿಟ್ಟು, ಬಸಿಯಬೇಕು. ಮೊದಲ ತೊಳೆನೀರನ್ನು ಮುಂದಿನ ನೆನೆಸುವಿಕೆಗೆ ಇಟ್ಟುಕೊಳ್ಳಿ, ಚರಂಡಿಗೆ ಬಿಡಬೇಡಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಜಿಂಕ್ ಕ್ಲೋರೈಡ್ ವಿಧಾನಗಳು ಶೆಡ್ಡಿನ ಕೆಲಸವಲ್ಲ.

ಹೀರಿಕೆಯ ಪರೀಕ್ಷೆಗೆ ಲೀಟರಿಗೆ 1.5 ಗ್ರಾಂ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಪುಡಿ ಕರಗಿಸಿ. ನುಣ್ಣಗೆ ಅರೆದು ಒಣಗಿಸಿದ 0.1 ಗ್ರಾಂ ಇಂಗಾಲಕ್ಕೆ 1 ಮಿ.ಲೀ.ನಂತೆ ಹಾಕಿ ಐದು ನಿಮಿಷ ಅಲುಗಿಸುತ್ತಾ ಹೋಗಿ. ನೀಲಿ ಮಾಯವಾಗುವುದು ನಿಂತಾಗ ಎಷ್ಟು ಮಿ.ಲೀ. ಆಯಿತೋ ಅದನ್ನು 15ರಿಂದ ಗುಣಿಸಿದರೆ ಗ್ರಾಂಗೆ ಎಷ್ಟು ಮಿಲಿಗ್ರಾಂ ಹೀರಿತು ಎಂದು ಸಿಗುತ್ತದೆ. 10 ಮಿ.ಲೀ. ಹೀರಿದರೆ 150. ಪಕ್ಕದಲ್ಲಿ ಅಂಗಡಿಯ ಒಳ್ಳೆಯ ಇಂಗಾಲವನ್ನೂ ಇದೇ ರೀತಿ ಪರೀಕ್ಷಿಸಿ. ಹೋಲಿಕೆ ಇಲ್ಲದ ಅಂಕಿಗೆ ಬೆಲೆ ಕಡಿಮೆ.

ಫಿಲ್ಟರಿನಿಂದ ಕಪ್ಪು ನೀರು

ಇದು ಸಣ್ಣ ದೋಷ: ಪುಡಿ ಉಳಿದಿದೆ. 0.6 ಮಿ.ಮೀ. ಜರಡಿಯಲ್ಲಿ ನಿಲ್ಲದ್ದನ್ನು ತೆಗೆದುಹಾಕಿ. ಉಳಿದ ಹರಳನ್ನು ಕುದಿಸಿ ಗಾಳಿ ಬಿಡಿಸಿ, ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ತಿಳಿಯಾಗುವ ತನಕ ತೊಳೆಯಿರಿ. ತೊಳೆದ ಮೇಲೂ ವಾರಗಟ್ಟಲೆ ಕಪ್ಪು ಬರುತ್ತಿದ್ದರೆ ಹರಳು ಮೆದು, ಹಬೆಯಲ್ಲಿ ಅತಿಯಾಗಿ ತಿನ್ನಿಸಿದ್ದೀರಿ. ಇಂಗಾಲ ಬಣ್ಣ, ವಾಸನೆ, ಕ್ಲೋರಿನ್ ಹಿಡಿಯುತ್ತದೆ. ಬೋರ್‌ವೆಲ್ ನೀರಿನ ಗಡಸುತನ, ಫ್ಲೋರೈಡ್, ರೋಗಾಣು ಅದಕ್ಕೆ ಸಿಗುವುದಿಲ್ಲ. ರೋಗಾಣು ಸಾಯಲು ಕುಡಿಯುವ ನೀರನ್ನು ಕುದಿಸಲೇಬೇಕು, ಆದರೆ ಫ್ಲೋರೈಡ್ ಕುದಿಸಿದರೂ ಹೋಗುವುದಿಲ್ಲ. ಹೋದ ವಾಸನೆ ಮತ್ತೆ ನೀರಲ್ಲಿ ಬರತೊಡಗಿದ ದಿನ ಇಂಗಾಲ ತುಂಬಿತೆಂದು ತಿಳಿದು ಬದಲಿಸಿ. ಬಿಸಿಲಿಗೆ ಒಣಗಿಸಿದರೆ ಅದು ಹೊಸದಾಗುವುದಿಲ್ಲ.